ಕಾಕಾನ ಮೋಟಾರಿನಲ್ಲಿ ಎಂ.ಎ.ಗೆ

ಛಲೋ ಮೋಟಾರು ಹೊಡೆಯುವವನಿಗೇ ಇಂಥ ಪ್ರಸಂಗಗಳು ಬರುತ್ತವೆ. ಹೊಡೆಯಲು ಬಾರದವನು ರೈಲು ಹತ್ತಿ, ನಿದ್ದೆ ಮಾಡಿ, ಇಳಿದುಬಿಡುತ್ತಾನೆ. ಊರಿಗೆ ಬಂದು ಹೇಳಲಿಕ್ಕೆ ಅವನ ಹತ್ತಿರ ಏನೂ ಇರುವುದಿಲ್ಲ.

ನಮ್ಮ ಹಳ್ಳಿಯಲ್ಲಿ ಬಿ.ಎ. ಆದವನು ನಾನೊಬ್ಬನೇ. ಮೋಟಾರು ಹೊಡೆಯಬಲ್ಲವನೂ ನಾನೊಬ್ಬನೇ. ಹತ್ತಿ ಒತ್ತುವ ಕಾರಖಾನೆಯ ಮಿಸ್ತ್ರಿ, ಕಲಿಯಲು ಹದಿನೈದು ದಿನ ಬೇಕು ಎಂದಿದ್ದ. ನಾನು ಎಂಟು ದಿನದಲ್ಲಿ ಕಲಿತೆ. ಹೋದ ಜೂನ್‌ನಲ್ಲಿ ಪುಣೆಯ ಕಾಲೇಜಿನಿಂದ ಪತ್ರ ಬಂತು: ಎಂ.ಎ. ವರ್ಗದಲ್ಲಿ ಒಂದು ಜಾಗ ಉಳಿದಿದೆ, ಸೋಮವಾರ ಮಧ್ಯಾಹ್ನ ಹನ್ನೆರಡರೊಳಗೆ ಖುದ್ದು ಹಾಜರಾಗಬೇಕು, ತಡವಾದರೆ ಅದು ಮುಂದಿನವನಿಗೆ.

"ರೈಲಿನಾಗ ಯಾರ ಬೇಕಾದ್ರೂ ಹೋಗ್ತಾರ," ಎಂದೆ ಕಾಕಾನಿಗೆ. ನಮ್ಮ ಕಾಕಾ ಅರಳೆ ವ್ಯಾಪಾರಿ. ವಿಲಾಯತಿಗೆ ಮರಳುತ್ತಿದ್ದ ಸಾಹೇಬನೊಬ್ಬನ ಹಳೆಯ ಮೋಟಾರನ್ನು ಬೆಳಗಾವಿಯಲ್ಲಿ ಕೊಂಡಿದ್ದ. ಆರು ತಿಂಗಳಿಂದ ಅದರ ಮೇಲೆ ಕೋಳಿಗಳು ಕೂಡುತ್ತಿದ್ದವು. ಮೋಟಾರು ಕೊಡಲು ಕಾಕಾ ಒಪ್ಪಿದ, ಆದರೆ ತಾನೂ ಬರುತ್ತೇನೆಂದ.

ಹೊರಟ ಮುಹೂರ್ತ

ಮೋಟಾರಿಗೆ ಕುಂಕುಮ ಹಚ್ಚಿ ಕಾಯಿ ಒಡೆದಾಯಿತು. ಕಾಕಾ ಹಿಂದಿನ ಸೀಟಿನಲ್ಲಿ ಕುಳಿತು ಕಣ್ಣು ಮುಚ್ಚಿ ದೇವರನ್ನು ನೆನೆಯತೊಡಗಿದ. ನಾನು ಮುಂದೆ ನಿಂತು ಹ್ಯಾಂಡಲು ತಿರುವಿದೆ. ಒಂದೇ ಸುತ್ತಿಗೆ ಯಂತ್ರ ಎದ್ದಿತು, ಎದ್ದದ್ದೇ ನಡೆದೂ ಬಿಟ್ಟಿತು. ಗೇರು ಬಿಡಿಸುವುದನ್ನು ನಾನು ಮರೆತಿದ್ದೆ. ನಾನು ಪಕ್ಕಕ್ಕೆ ಹಾರಿದೆ. ಕಾಕಾನನ್ನು ಹೊತ್ತ ಮೋಟಾರು ಗುಡಿಯ ಕಟ್ಟೆಯನ್ನು ಮುಟ್ಟದೆ, ಬಾವಿಯನ್ನು ಮುಟ್ಟದೆ, ನೆಟ್ಟಗೆ ಊರ ಅಗಸಿಬಾಗಿಲು ದಾಟಿತು. ಹಿಂದೆ ನಾನು, ನನ್ನ ಹಿಂದೆ ಊರು. ಕಾಕಾ ಕಣ್ಣು ತೆರೆಯದೇ, "ಸಾವಕಾಶ ಹೊಡಿ, ತಮ್ಮಾ," ಎನ್ನುತ್ತಿದ್ದ.

ಗೌಡರ ಮೇವಿನ ಬಣವಿಗೆ ಮೂತಿ ತೂರಿಸಿ ಅದು ನಿಂತಿತು. ಕಾಕಾ ಕಣ್ಣು ಬಿಟ್ಟು ಖಾಲಿ ಸೀಟನ್ನು ನೋಡಿದ, ಹೊರಗೆ ಏದುಸಿರು ಬಿಡುತ್ತಿದ್ದ ನನ್ನನ್ನು ನೋಡಿದ.

"ನೀ ಇಲ್ಲದಾಗ ಛಲೋ ಓಡ್ತಲ್ಲೋ ಇದು. ಪುಣೇತನಾ ನೀ ಹಿಂದಿಂದನ ಓಡಿ ಬಾ."

ತವನಿಧಿ ಘಾಟ

ಆ ಮೋಟಾರಿನ ಪೆಟ್ರೋಲ್ ಡಬ್ಬಿ ಸೀಟಿನ ಕೆಳಗೆ, ಯಂತ್ರ ಮುಂದೆ. ಕಡಿದಾದ ಏರಿನಲ್ಲಿ ಮೂತಿ ಮೇಲಾದರೆ ಪೆಟ್ರೋಲು ಮುಂದಕ್ಕೆ ಹರಿಯುವುದಿಲ್ಲ, ಯಂತ್ರ ಸತ್ತುಹೋಗುತ್ತದೆ. ಬಲ್ಲವನು ಮಾಡುವುದೊಂದೇ: ಮೋಟಾರು ತಿರುಗಿಸಿ, ಹಿಂದುಮುಂದಾಗಿ ಏರುವುದು. ನಾನು ಬಲ್ಲವನು. ಬೆಳಗಾವಿಯ ಕಡೆಗೆ ಮುಖ ಮಾಡಿ ಕುಳಿತು ನಿಪ್ಪಾಣಿಯ ಕಡೆಗೆ ಘಾಟ ಏರತೊಡಗಿದೆವು.

ಚಕ್ಕಡಿಯವನೊಬ್ಬ ಎತ್ತು ನಿಲ್ಲಿಸಿ, ನಮ್ಮ ಪಕ್ಕಕ್ಕೇ ನಡೆಯುತ್ತ ಕೇಳಿದ: "ಯಾವ ಊರಿಗೆ ಹೊಂಟೀರಿ?"

"ಪುಣೇಕ್ಕ," ಎಂದ ಕಾಕಾ.

"ಮತ್ತ ಮಾರಿ ಇತ್ತಾಗ್ಯಾಕ್ರಿ?"

ಕಾಕಾನಿಗೆ ಅವಮಾನವಾಯಿತು. "ನಮ್ಮ ಹುಡುಗ ಬಿ.ಎ. ಆಗ್ಯಾನ. ಅವಗ ಎಲ್ಲಾ ತಿಳೀತದ. ಈಗ ಎಂ.ಎ.ಕ್ಕ ಹೊಂಟಾನ."

ಚಕ್ಕಡಿಯವನು ತಲೆಯ ರುಮಾಲು ತೆಗೆದು ಬೆವರು ಒರೆಸಿಕೊಂಡ. "ಬಿ.ಎ. ಆಗಿ ಹಿಂದಮುಂದ ಹೊಂಟಾರ. ಎಂ.ಎ. ಆದಮ್ಯಾಲ ಅಡ್ಡಡ್ಡ ಹೋಗ್ತಾರೇನ್ರಿ?"

ಸಾತಾರೆಯ ಹವಾಲ್ದಾರ

ಸಾತಾರೆಯ ಸುಂಕದ ನಾಕೆಯಲ್ಲಿ ಹವಾಲ್ದಾರನೊಬ್ಬ ಕೈ ಅಡ್ಡ ಹಿಡಿದು ಲೈಸನ್ಸು ಕೇಳಿದ. ನನ್ನ ಲೈಸನ್ಸು ಊರಲ್ಲಿ, ಗೂಟಕ್ಕೆ ತೂಗುಹಾಕಿದ ಅಂಗಿಯ ಕಿಸೆಯಲ್ಲಿತ್ತು. ನಾನು ಹೆದರುವವನಲ್ಲ. ಟ್ರಂಕು ತೆರೆದು ಬಿ.ಎ. ಪದವಿ ಪತ್ರವನ್ನು ಬಿಚ್ಚಿ ಅವನ ಮುಂದೆ ಹಿಡಿದೆ. ಇಂಗ್ಲಿಷ್ ಅಕ್ಷರ, ದೊಡ್ಡ ಮುದ್ರೆ, ಕೆಳಗೆ ಸಾಹೇಬರ ಸಹಿ. ಅವನು ಅದನ್ನು ಮೇಲಿಂದ ಕೆಳಗೆ ನೋಡಿ ಮರಾಠಿಯಲ್ಲಿ ಕೇಳಿದ: "ಇದು ಎಷ್ಟು ವರ್ಷ ನಡೆಯುತ್ತದೆ?"

"ಸಾಯುವ ತನಕ," ಎಂದೆ ನಾನೂ ಮರಾಠಿಯಲ್ಲೇ.

ಹವಾಲ್ದಾರ ಸಲಾಮು ಹೊಡೆದು ದಾರಿ ಬಿಟ್ಟ. ನಾಕೆ ದಾಟಿದ ಮೇಲೆ ಕಾಕಾ ನಿಟ್ಟುಸಿರು ಬಿಟ್ಟು, "ನಾಕ ವರ್ಷ ಓದಿದ್ದಕ್ಕ ಒಂದು ಉಪಯೋಗ ಆತು ನೋಡು," ಎಂದ.

ಜೇಜುರಿಯ ಮೆಟ್ಟಿಲು

ಸೋಮವಾರ ಬೆಳಿಗ್ಗೆ ಏಳಕ್ಕೆ ಜೇಜುರಿ ತಲುಪಿದೆವು. ಪುಣೆ ಇನ್ನು ಮೂವತ್ತು ಮೈಲಿ, ಎರಡು ತಾಸಿನ ಹಾದಿ. ಆದರೆ ಜೇಜುರಿಯ ಖಂಡೋಬನೆಂದರೆ ನಮ್ಮ ಮನೆದೇವರು ಮೈಲಾರಲಿಂಗನೇ. ದರ್ಶನ ಮಾಡದೆ ಮುಂದೆ ಹೋಗುವುದಿಲ್ಲವೆಂದು ಕಾಕಾ ಹಟ ಹಿಡಿದ. ಅಂದು ಸೋಮವತಿ ಅಮಾವಾಸ್ಯೆ ಬೇರೆ. ಜಗತ್ತೇ ಅಲ್ಲಿ ನೆರೆದಿತ್ತು. ಅಲ್ಲಿ ದೇವರ ಹೆಸರಿನಲ್ಲಿ ಭಂಡಾರ, ಅಂದರೆ ಅರಿಷಿಣದ ಪುಡಿಯನ್ನು, ಮುಷ್ಟಿಗಟ್ಟಲೆ ತೂರುತ್ತಾರೆ. ಮೋಟಾರು ಕಂಡ ಜನಕ್ಕೆ ಉತ್ಸಾಹ ಹೆಚ್ಚಿತು. ಹತ್ತು ನಿಮಿಷದಲ್ಲಿ ನಾನು, ಕಾಕಾ, ಮೋಟಾರು ಮೂವರೂ ಹಳದಿ. ಯಾರೋ ಮೋಟಾರಿಗೆ ಚೆಂಡುಹೂವಿನ ಮಾಲೆ ಸುತ್ತಿದರು.

ಗುಡ್ಡದ ಬುಡದಲ್ಲಿ ಕಾಕಾನ ಮಣಕಾಲು ಹಿಡಿದುಕೊಂಡಿತು. ಮೆಟ್ಟಿಲು ನೂರಾರು. ಹೊಸದಾಗಿ ಮದುವೆಯಾದವರು ಜೋಡಿಯಾಗಿ ಬಂದು, ಗಂಡನು ಹೆಂಡತಿಯನ್ನು ಎತ್ತಿಕೊಂಡು ಐದು ಮೆಟ್ಟಿಲು ಹತ್ತುವುದು ಅಲ್ಲಿಯ ಪದ್ಧತಿ. ಎಡಕ್ಕೂ ಬಲಕ್ಕೂ ಗಂಡಂದಿರು ಹೆಂಡಿರನ್ನು ಎತ್ತಿಕೊಂಡು ಹೊರಟಿದ್ದರು. ನನಗೆ ಹನ್ನೆರಡರ ಅವಸರ, ತೋಳಿನಲ್ಲಿ ಕಸುವು. ಕಾಕಾನನ್ನು ಬೆನ್ನಿಗೆ ಹಾಕಿಕೊಂಡು ನಾನೂ ಹೊರಟೆ. ಐದು ಮೆಟ್ಟಿಲಿಗೆ ಗಂಡಂದಿರೆಲ್ಲ ಹೆಂಡಿರನ್ನು ಇಳಿಸಿದರು. ನಾನೂ ಬಗ್ಗಿದೆ.

ಕಾಕಾ ಇಳಿಯಲಿಲ್ಲ. "ಹೆಂಡತಿ ಆಗಿದ್ರ ಇಲ್ಲಿ ಇಳೀತಿದ್ಲು, ತಮ್ಮಾ. ನಾ ನಿನ್ನ ಕಾಕಾ. ನಡಿ ಮ್ಯಾಲ."

ಹನ್ನೆರಡಕ್ಕೆ ಇಪ್ಪತ್ತು ನಿಮಿಷ

ದರ್ಶನ ಮುಗಿಸಿ ಇಳಿಯುವಾಗ ಪೂಜಾರಿ ನನ್ನ ಮಣಿಕಟ್ಟಿಗೆ ದಾರ ಕಟ್ಟಿ, ಖಂಡೋಬನ ಹೆಂಡತಿಯಾದ ದೇವಿಗೆ ಉಡಿಸಿದ್ದ ಹಸಿರು ಸೀರೆಯೊಂದನ್ನು ಪ್ರಸಾದವೆಂದು ಕೊಟ್ಟ. ಭಂಡಾರ ತೊಳೆಯಲು ಕಾಕಾ ಬಿಡಲಿಲ್ಲ. ಜನಜಂಗುಳಿಯಲ್ಲಿ ನನ್ನ ಟೊಪ್ಪಿಗೆ ಕಳೆದಿತ್ತು. ಕಾಕಾ ತನ್ನ ಜರಿ ರುಮಾಲನ್ನೇ ನನ್ನ ತಲೆಗೆ ಸುತ್ತಿದ. ದಾರಿಯ ಧೂಳಿಗೆ ಆ ಹಸಿರು ಸೀರೆಯನ್ನು ತಲೆಯಿಂದ ಕಾಲಿನವರೆಗೆ ಹೊದ್ದು ಹಿಂದೆ ಮಲಗಿಬಿಟ್ಟ. ನಾನು ಮೋಟಾರು ಹೊಡೆದ ಬಗೆಯನ್ನು ದಾರಿಯ ಕೋಳಿಗಳೇ ಹೇಳಬೇಕು. ಹನ್ನೆರಡಕ್ಕೆ ಇಪ್ಪತ್ತು ನಿಮಿಷವಿರುವಾಗ ಕಾಲೇಜಿನ ಕಚೇರಿಯಲ್ಲಿ ನಿಂತಿದ್ದೆ.

ಬೆಂಚಿನ ಮೇಲೆ ಎಣ್ಣೆ ಹಚ್ಚಿ ತಲೆ ಬಾಚಿದವನೊಬ್ಬ ಗಡಿಯಾರವನ್ನೇ ನೋಡುತ್ತ ಕುಳಿತಿದ್ದ. ಅವನೇ 'ಮುಂದಿನವನು'. ಮೇಜಿನ ಹಿಂದಿದ್ದ ಪ್ರೊಫೆಸರರು ನನ್ನ ಹಳದಿ ಮುಖ, ಜರಿ ರುಮಾಲು, ಮಣಿಕಟ್ಟಿನ ದಾರ ನೋಡಿದರು. ಕಿಟಕಿಯಾಚೆ ಹೂಮಾಲೆ ಹಾಕಿಕೊಂಡು ನಿಂತ ಮೋಟಾರನ್ನೂ ನೋಡಿದರು.

"ಅರಿಷಿಣ ಹಚ್ಚಿದ ಮೇಲೆ ವರನು ಸೀಮೆ ದಾಟಬಾರದು. ಮದುವೆ ಬಿಟ್ಟು ಓಡಿ ಬಂದಿಯಾ?" ಎಂದು ಮರಾಠಿಯಲ್ಲಿ ಕೇಳಿದರು.

"ಮದುವೆ ಇಲ್ಲ ಸರ್. ಜೇಜುರಿಯಿಂದ ಬಂದೆ."

"ಓಹೋ, ಹಾಗಾದರೆ ಮದುವೆ ಮುಗಿದೇ ಹೋಗಿದೆ. ಎತ್ತಿಕೊಂಡು ಹತ್ತಿದೆಯಾ?"

ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. "ಹತ್ತಿದೆ ಸರ್. ಉಳಿದವರು ಐದು ಮೆಟ್ಟಿಲು, ನಾನು ತುದಿಯ ತನಕ."

"ನನ್ನ ವರ್ಗಕ್ಕೆ ಮೂವರು ಹೊಸ ಅಳಿಯಂದಿರು ಬಂದರು," ಎಂದರು ಅವರು. "ಮೂವರೂ ಹಬ್ಬಕ್ಕೆಂದು ಮಾವನ ಮನೆಗೆ ಹೋದವರು ಮರಳಲಿಲ್ಲ. ನಿನ್ನ ಜಾಗ ಇವನಿಗೆ ಕೊಡುತ್ತೇನೆ." ಬೆಂಚಿನವನು ಎದ್ದು ನಿಂತ.

"ನಾನು ಹೊತ್ತದ್ದು ನನ್ನ ಕಾಕಾನನ್ನು ಸರ್. ಮೋಟಾರಿನಲ್ಲಿದ್ದಾನೆ, ನೀವೇ ನೋಡಿ."

ಪ್ರೊಫೆಸರರು ನೋಡಲು ಹೊರಗೆ ಬಂದರು. ಹಿಂದೆ ನಾನು, ಬೆಂಚಿನವನು, ಗುಮಾಸ್ತ. ಸೀಟಿನ ಮೇಲೆ ಹಸಿರು ಸೀರೆಯ ಮುಸುಕು. ಪ್ರೊಫೆಸರರು ನನ್ನತ್ತ ಉರಿಗಣ್ಣು ಬಿಟ್ಟು, ಮುಸುಕಿನ ಕಡೆ ತಿರುಗಿ ಕೈ ಜೋಡಿಸಿದರು.

"ತಾಯೀ, ನಾನು ನಿಮ್ಮ ತಂದೆಯ ಸಮಾನ. ಸಂಕೋಚ ಬೇಡ. ನೀವು ಈ ಹುಡುಗನ ಹೆಂಡತಿ ಹೌದಲ್ಲವೆ?"

ಕಾಕಾನಿಗೆ ಮರಾಠಿ ಅಷ್ಟಕ್ಕಷ್ಟೆ, ಅದೂ ನಿದ್ದೆಗಣ್ಣು. ಮುಸುಕು ಮೇಲೆ ಕೆಳಗೆ ಆಡಿತು: ಹೌದು.

ಹನ್ನೆರಡಕ್ಕೆ ಐದು ನಿಮಿಷ. ನನ್ನ ಎಂ.ಎ. ಅಲ್ಲಿಗೆ ಮುಗಿಯಿತೆಂದುಕೊಂಡು ಸೀರೆಯ ಸೆರಗು ಹಿಡಿದು ಎಳೆದೆ. ಒಳಗಿಂದ ಒಂದು ಸೀನು ಬಂತು, ಅದರ ಹಿಂದೆ ಹಳದಿ ಮೀಸೆ, ಅದರ ಹಿಂದೆ ಕಾಕಾ.

"ಏನೋ ತಮ್ಮಾ," ಎಂದ ಕಣ್ಣುಜ್ಜಿಕೊಳ್ಳುತ್ತ, "ಎಂ.ಎ. ಇಷ್ಟ ಲಗೂ ಮುಗೀತೇನು?"

ಪ್ರೊಫೆಸರರು ಒಳಗೆ ಹೋದರು. ಹನ್ನೆರಡರ ಗಂಟೆ ಹೊಡೆಯುವುದಕ್ಕೆ ಮೊದಲೇ ನನ್ನ ಅರ್ಜಿಯ ಮೇಲೆ ಸಹಿ ಬಿತ್ತು. ಆ ಅರ್ಜಿಯನ್ನು ಗುಮಾಸ್ತ ಈಗಲೂ ಬಂದವರಿಗೆಲ್ಲ ತೋರಿಸುತ್ತಾನೆ. ಅಂಚಿನಲ್ಲಿ ಪ್ರೊಫೆಸರರ ಕೈಬರಹದ ಷರಾ ಇದೆ: "ಅರ್ಜಿದಾರನು ಅವಿವಾಹಿತ. ಹೆಂಡತಿಯನ್ನು ಖುದ್ದು ನೋಡಿ ಖಾತ್ರಿ ಮಾಡಿಕೊಂಡಿದ್ದೇನೆ."