ಬಿಸಿಲಿಗೆ ಜಗ್ಗದ ಗಡಿಯಾರ

ನಾನು ವಿಜ್ಞಾನದ ಮಾಸ್ತರ. ಕುಷ್ಟಗಿಯಲ್ಲಿ ಮನೆ, ತಾವರಗೇರಾದಲ್ಲಿ ಶಾಲೆ. ಹದಿನಾಲ್ಕು ವರ್ಷಗಳಲ್ಲಿ ಒಂದು ದಿನವೂ ಬಸ್ಸು ತಪ್ಪಿಸಿಕೊಂಡವನಲ್ಲ. ತಪ್ಪೆಲ್ಲ ಬಸ್ಸಿನದೇ, ದಿನಾ ಹತ್ತು ನಿಮಿಷ ತಡ! ನನ್ನ ಮೊಬೈಲೂ ಹತ್ತು ನಿಮಿಷ ಹಿಂದೆ. ಬಡಪಾಯಿ ಟವರು, ನಮ್ಮ ಬಿಸಿಲಿಗೆ ಬಳಲಿರಬೇಕು ಎಂದು ಕ್ಷಮಿಸಿದ್ದೆ.

ಇಂಥ ಕಾಲನಿಷ್ಠನ ಭಾವಮೈದುನ ಬಸಣ್ಣ ಕನಕಗಿರಿಯಲ್ಲಿ ಮಗಳ ಮದುವೆ ಇಟ್ಟುಕೊಂಡ. ಶುಕ್ರವಾರ. ಹನ್ನೆರಡಕ್ಕೆ ರಾಹುಕಾಲ ಮುಗಿಯುತ್ತದೆ, ಹನ್ನೆರಡು ಐದಕ್ಕೆ ವಧೂವರರ ತಲೆ ಮೇಲೆ ಅಕ್ಕಿಕಾಳು ಬೀಳಬೇಕು. ಸ್ವಲ್ಪ ಮೊದಲೇ ಬಿದ್ದರೆ ಮುಗಿಯಿತು, ಮುಂದೆ ಮನೆಯಲ್ಲಿ ಯಾರಿಗೆ ನೆಗಡಿಯಾದರೂ ಬೀಗರು ರಾಹುವಿನ ಹೆಸರೆತ್ತಿ ಹುಡುಗಿಯನ್ನೇ ಹಂಗಿಸುವವರು.

"ಮಾಮಾ, ವ್ಯಾಳ್ಯಾದ ಜವಾಬ್ದಾರಿ ನಿಮ್ದು ನೋಡ್ರಿ," ಎಂದ ಬಸಣ್ಣ.

ಅಂಗಡಿಯ ಗಡಿಯಾರ ತರಲು ನಾನೇನು ಸಾಮಾನ್ಯ ಮನುಷ್ಯನೇ? ಗಡಿಯಾರದೊಳಗೆ ಒಂದು ಹರಳು ನಡುಗುತ್ತಿರುತ್ತದೆ, ಅದರ ನಡುಕದ ಲೆಕ್ಕವೇ ನಮ್ಮ ಸೆಕೆಂಡು. ಬಿಸಿಲೇರಿದರೆ ಅದರ ಲಯ ತಪ್ಪುತ್ತದೆ. ನಾನು ತರಿಸಿದ ದುಬಾರಿ ಹರಳು, ಕ್ರಿಸ್ಟಲ್ ಆಸಿಲೇಟರ್, ಹಾಗಲ್ಲ! ತಾಪ ಏರಿದರೆ ತಾನೇ ಸರಿದೂಗಿಸಿಕೊಳ್ಳುತ್ತದೆ. ಅಷ್ಟಕ್ಕೂ ಮಾತು ಕೇಳದಿದ್ದರೆ ವೋಲ್ಟೇಜ್ ತುಸು ಹೆಚ್ಚುಕಡಿಮೆ ಮಾಡಿ ಕಿವಿ ಹಿಂಡಬಹುದು. ಅದಕ್ಕೆ ದೊಡ್ಡ ಕೆಂಪು ಅಂಕಿಗಳನ್ನು ಜೋಡಿಸಿ ಗಡಿಯಾರ ಮಾಡಿದೆ. ಮನೆಯ ಗೋಡೆ ಗಡಿಯಾರ ನೋಡಿ ವೇಳೆ ಇಟ್ಟೆ. ಎಂಟು ದಿನ ಎರಡೂ ಒಂದೇ ಹೆಜ್ಜೆ ಹಾಕಿದವು.

ಹೆಂಡತಿ ಶಾರದಾ ಕೇಳಿದಳು: "ಏನ್ರಿ, ಇದಕ್ಕ ಯಾವ ಗಡಿಯಾರ ನೋಡಿ ವ್ಯಾಳ್ಯಾ ಇಟ್ಟೀರಿ?"

"ಅದರಾಗ ತಾಪ ಪರಿಹಾರ ಐತಿ!"

"ಅದು ಇರ್ಲಿರಿ. ವ್ಯಾಳ್ಯಾ ಎಲ್ಲಿಂದ ತಗೊಂಡ್ರಿ?"

ನಾನು ಅರ್ಧ ಗಂಟೆ ಹರಳಿನ ಮೇಲಷ್ಟೇ ಪಾಠ ಮಾಡಿದೆ. ಅವಳು ಎದ್ದು ರೊಟ್ಟಿ ಬಡಿಯಲು ಹೋದಳು.

ಮದುವೆಯ ದಿನ ಬಸಣ್ಣ ಮೈಕಿನಲ್ಲಿ ಸಾರಿದ: "ಯಾರೂ ಮೊಬೈಲ್ ನೋಡಬ್ಯಾಡ್ರಿ! ನಮ್ಮ ಮಾಮಾನ ಗಡಿಯಾರಾನಽ ಖರೇ!" ನನ್ನೆದೆ ಉಬ್ಬಿತು. ಕೆಂಪು ಅಂಕಿ ಹನ್ನೆರಡು ಐದು ತೋರಿಸಿದ್ದೇ ತಡ, ಮೈಕು ಕಸಿದುಕೊಂಡು, "ಹಾಕ್ರಿ ಅಕ್ಕಿಕಾಳು!" ಎಂದು ಕೂಗಿದೆ. ವಾಲಗ ಮೊಳಗಿತು. ಅಕ್ಕಿಯ ಮಳೆಯೇ ಸುರಿಯಿತು. ಅರ್ಧ ಮಂದಿ ಊಟದ ಪಂಕ್ತಿಗೆ ಓಡಿದರು.

ಆಗ ವರನ ಸೋದರತ್ತೆ ಮೊಬೈಲು ಎತ್ತಿ ಹಿಡಿದಳು. "ಯವ್ವಾ! ಇನ್ನೂ ಹನ್ನೊಂದು ಐವತ್ತೈದು! ರಾಹುಕಾಲದಾಗ ಅಕ್ಕಿಕಾಳು ಹಾಕಿಸಿದ್ರಲ್ರೀ!"

ಬಸಣ್ಣನ ಮುಖ ಬಿಳಿಚಿತು. ಮದುಮಗಳು ಅಳಲು ಶುರುಮಾಡಿದಳು. ನಿಂತ ನೆಲ ಬಾಯಿ ಬಿಡಬಾರದೇ ಎನ್ನಿಸಿತು.

ಕಾಪಾಡಿದವರು ಮದುವೆ ಮಾಡಿಸುತ್ತಿದ್ದ ಅಯ್ಯನವರು. "ಗಾಬರಿ ಆಗಬ್ಯಾಡ್ರಿ. ತಾಳಿ ಇನ್ನೂ ನನ್ನ ಕೈಯಾಗ ಐತಿ. ನಾ ನನ್ನ ಕೈಗಡಿಯಾರ ನೋಡ್ಲಿಕ್ಕತ್ತಿದ್ದೆ. ಈಗ ಬಿದ್ದದ್ದು ತಾಲೀಮು! ಮಾಸ್ತರ, ಬ್ಯಾರೆ ಅಕ್ಕಿ ತರ್ರಿ."

ಅಡುಗೆಮನೆಗೆ ಓಡಿದೆ. ಪರಾತದಲ್ಲಿ ಅಕ್ಕಿ ಸುರಿದು ಎರಡೂ ಕೈಯಿಂದ ಅರಿಸಿನ ಕಲಸಿದೆ. ಅಂಗಿ, ಧೋತರ, ಕನ್ನಡಕ, ಎಲ್ಲ ಹಳದಿ! ಮದುಮಗನಿಗಿಂತ ನನಗೇ ಹೆಚ್ಚು ಅರಿಸಿನ ಹತ್ತಿತ್ತು.

"ಅಷ್ಟು ದುಬಾರಿ ಹರಳು ಹೆಂಗ ತಪ್ಪಿತು?" ಎಂದು ಗೋಳಾಡಿದೆ.

ಪಕ್ಕದಲ್ಲಿ ಅಕ್ಕಿ ಕಲಸುತ್ತಿದ್ದ ಶಾರದಾ ತಲೆ ಎತ್ತದೆ ಹೇಳಿದಳು: "ಹರಳು ತಪ್ಪಿಲ್ರಿ. ಮನಿ ಗಡಿಯಾರಾನ ನಾನಽ ಹತ್ತು ನಿಮಿಷ ಮುಂದ ಇಟ್ಟೀನಿ. ಹದಿನಾಕು ವರ್ಷ ಆತು. ಇಲ್ಲಾಂದ್ರ ನಿಮಗ ಒಂದು ದಿನಾನೂ ಬಸ್ ಸಿಗ್ತಿದ್ದಿಲ್ಲ."

ಹನ್ನೆರಡು ಐದಕ್ಕೆ, ಅಯ್ಯನವರ ಗಡಿಯಾರದ ಪ್ರಕಾರ, ಕೊರಳಿಗೆ ತಾಳಿ ಬಿತ್ತು. ಹುಡುಗಿ ನಕ್ಕಳು. ಮೈಕನ್ನು ಮಾತ್ರ ನನ್ನ ಕೈಗೆ ಯಾರೂ ಕೊಡಲಿಲ್ಲ.

ಈಗ ನನ್ನ ಗಡಿಯಾರ ಮನೆಯ ಗೋಡೆಯ ಮೇಲಿದೆ. ಸರಿಪಡಿಸಲು ಶಾರದಾ ಬಿಡುತ್ತಿಲ್ಲ. ಎಂಥ ಬಿಸಿಲಿಗೂ ಒಂದು ಸೆಕೆಂಡು ಜಗ್ಗದೆ, ಕರಾರುವಾಕ್ಕಾಗಿ ಹತ್ತು ನಿಮಿಷ ಮುಂದೆ ಓಡುತ್ತಿದೆ. ನನಗೂ ಸ್ವಾಭಿಮಾನವಿದೆ! ಮೊನ್ನೆ ಅದರ ಕಡೆ ತಿರುಗಿಯೂ ನೋಡದೆ, ಮೊಬೈಲಿನ ವೇಳೆ ನಂಬಿ ಹೊರಟೆ.

ಬಸ್ಸು ಹೋಗಿಬಿಟ್ಟಿತ್ತು.