ಪಾರಿಶ್ವಾಡದ ಬಾವ್ಯಾಗ ಅರ್ಧ ತಾಸು

ನೀರಿಗಿಳದು ಹೊಟ್ಟಿ ಹೊರಕೊಳ್ಳೋ ಮನಷಾಗ ನೀರಾಗ ಏನೂ ಆಗೂದಿಲ್ಲ, ಆಗೂದೆಲ್ಲಾ ದಂಡಿ ಮ್ಯಾಲೆ. ಎಂಬತ್ತರ ದಶಕದಾಗ, ನನ್ನ ಮದವಿ ಆಗತೈತೋ ಮುರೀತೈತೋ ಅನ್ನೂ ಹೊತ್ತಿನ್ಯಾಗ, ಒಂದರ ಹಿಂದ ಒಂದು ಆದ ಫಜೀತಿ ಇವು. ಈಗ ನಗ್ತೀನಿ. ಆವಾಗ ಅಳೂದೊಂದು ಬಾಕಿ ಇತ್ತು.

೧. ಮೀನಿನ ಜೋಡಿ ಮಾತು

ಬೆಳಗಾವ್ಯಾಗ ನಾನು ಗಾಳಿ ತುಂಬೋ ಕಂಪ್ರೆಸರ್ ರಿಪೇರಿ ಮಾಡ್ತಿದ್ದೆ. ಕಾರವಾರದ ಎದುರಿಗೆ ಒಂದು ಸಣ್ಣ ನಡುಗಡ್ಡಿ. ಅದರ ಸುತ್ತ ಸಮುದ್ರದ ತಳ ಸರ್ವೇ ಮಾಡೋ ಮುಳುಗುಗಾರರಿಗೆ ಒಬ್ಬ ಮೆಕ್ಯಾನಿಕ್ ಬೇಕಾಗಿದ್ದ. ನಾ ಹೋಗಿ ಸೇರಿದೆ. ಅವರ ಬೆನ್ನಿನ ಸಿಲಿಂಡರಿಗೆ ಗಾಳಿ ತುಂಬೂದು ನನ್ನ ಕೆಲಸ. ಮೂರು ತಿಂಗಳಾದ ಮ್ಯಾಲೆ ಮುಳುಗುಗಾರರ ಸಾಹೇಬ್ರು ನನಗೂ ಮುಳುಗೂದು ಕಲಿಸಿ ಕೆಳಗ ಕರಕೊಂಡು ಹೋದ್ರು.

ಅಬಬಬಾ, ಎಂಥೆಂಥಾ ಮೀನು! ಅರಿಷಿಣ ಬಣ್ಣದ್ದು, ನೀಲಿದು, ಇಳಕಲ್ ಸೆರಗಿನಂಥಾ ಪಟ್ಟಿ ಪಟ್ಟಿದು. ಒಂದು ಮೀನಂತೂ ನನ್ನ ಮಾರಿ ಮುಂದನ ಬಂದು ನಿಂತಿತು. ನಾ ಬೆಳಗಾವಿ ಅನಗೋಳದಾಂವ, ಬಾಯಿ ಸುಮ್ಮನ ಇರತೈತೇನು? "ಏನ್ ಛಂದ ಇದ್ದೀಯೋ!" ಅಂದೇ ಬಿಟ್ಟೆ. ಬಾಯಾಗಿನ ಗಾಳಿ ನಳಿ ಕಳಚಿ ಉಪ್ಪುನೀರು ಹೊಟ್ಟಿಗೆ ಹೋತು. ಸಾಹೇಬ್ರು ರಟ್ಟಿ ಹಿಡದು ಮ್ಯಾಲೆ ತಂದ್ರು.

"ಕೆಳಗ ಯಾರ ಜೋಡಿ ಮಾತಾಡಾಕತ್ತಿದ್ದಿ?"

"ಮೀನಿನ ಜೋಡಿ ರೀ."

"ಅದು ಬಾಯಿ ಮುಚ್ಚಿಕೊಂಡಿತ್ತಲ್ಲ, ಅದನ್ನರ ನೋಡಿ ಕಲಿ!"

೨. ಅವ್ವನ ಕಾಯ್ದೆ

ರಜಾದಾಗ ಮನಿಗೆ ಬಂದ್ರ ಅವ್ವ ಹೊಸ್ತಲದಾಗ ತಡದಳು. ನಾವು ಬಸವಣ್ಣನ ಮಂದಿ, ಮನ್ಯಾಗ ಮೀನಿನ ಹೆಸರೂ ಎತ್ತೂದಿಲ್ಲ.

"ಮೀನಿನ ನಡುವ ಈಸಾಡಿ ಬಂದೀ. ಮೊದಲ ಜಳಕಾ ಮಾಡು."

"ಅವ್ವಾ, ದಿನಾ ನೀರಾಗನ ಇದ್ದೆನಲ್ಲ."

"ಆ ನೀರಾಗ ಅವೂ ಜಳಕಾ ಮಾಡ್ಯಾವಲ್ಲ!"

೩. ಗಾಳಿ ತುಂಬೋ ವರ

ಅದೇ ರಜಾದಾಗ ಖಾನಾಪುರದ ಕಡೆ ಪಾರಿಶ್ವಾಡಕ್ಕ ಹೆಣ್ಣು ನೋಡಾಕ ಹೋದ್ವಿ. ಹುಡುಗಿ ಅಪ್ಪ, "ಹುಡುಗ ಏನ್ ಮಾಡ್ತಾನ್ರಿ?" ಅಂತ ಕೇಳಿದ್ರು. ನಮ್ಮ ಕಾಕಾ ಠೀವಿಲೇ, "ಗಾಳಿ ತುಂಬತಾನ್ರಿ" ಅಂದ.

"ಸೈಕಲ್ಲಿಗೋ, ಲಾರಿಗೋ?"

"ಮನಷಾರಿಗಿ ರೀ! ಬೆನ್ನಿಗೆ ಗಾಳಿ ಕಟಗೊಂಡು ಸಮುದ್ರದ ತಳಕ್ಕೂ ಇಳೀತಾನ."

ಅವರು ನಂಬಲಿಲ್ಲ. ಹುಡುಗಿ ಮಾತ್ರ ಅವಲಕ್ಕಿ ಪ್ಲೇಟ್ ಕೊಡೂ ಮುಂದ ಸಣ್ಣ ದನಿಲೇ ಕೇಳಿದಳು, "ನೀವು ಕೆಳಗ ಆರಾಮ ಅದೀರಿ ಅಂತ ಮ್ಯಾಲಿದ್ದವರಿಗೆ ಹ್ಯಾಂಗ ಗೊತ್ತಾಗಬೇಕ್ರಿ?"

"ನೀರಿನ ಮ್ಯಾಲೆ ಗುಳ್ಳಿ ಬರತಿರತಾವು. ಗುಳ್ಳಿ ಬರೂತನಕ ಚಿಂತಿಲ್ಲ."

ನನ್ನ ಕೆಲಸದ ಬಗ್ಗೆ ಅಷ್ಟು ಚೊಲೋ ಪ್ರಶ್ನೆ ಯಾರೂ ಕೇಳಿರಲಿಲ್ಲ. ಮದವಿ ಆದ್ರ ಈಕೀನ್ನ ಆಗಬೇಕು ಅಂತ ಮನಸು ಹಟಾ ಹಿಡೀತು. ಅವರಪ್ಪ ಅಂದ್ರು, "ನಮ್ಮ ಓಣಿ ಬಾವ್ಯಾಗ ಅರ್ಧ ತಾಸು ಮುಳುಗಿ ತೋರಸ್ಲಿ. ಹುಡುಗಿ ಕೊಡ್ತೀನಿ. ಇಲ್ಲಂದ್ರ ನಿಮ್ಮ ಹಾದಿ ನಿಮಗ, ನಮ್ಮ ಹಾದಿ ನಮಗ."

೪. ಕಾರವಾರದ ಗಾಳಿ

ಕಾರವಾರಕ್ಕ ಹೋಗಿ ಸಾಹೇಬ್ರ ಕೈಕಾಲು ಹಿಡದು ಒಂದು ಸಿಲಿಂಡರ್ ಇಸಗೊಂಡು ಖಾನಾಪುರದ ಬಸ್ ಹತ್ತಿದೆ. ಕಂಡಕ್ಟರ್ ಹೌಹಾರಿದ. "ಗ್ಯಾಸ್ ನಡಿಯಂಗಿಲ್ಲ!"

"ಗ್ಯಾಸ್ ಅಲ್ರಿ, ಬರೇ ಗಾಳಿ."

"ಗಾಳಿ? ಖಾನಾಪುರದಾಗ ಗಾಳಿ ಇಲ್ಲೇನು, ಇಲ್ಲಿಂದ ಹೊತಗೊಂಡು ಹೊಂಟೀ?"

ಇಡೀ ಬಸ್ ನಕ್ಕಿತು. ಖರೇ ಹೇಳಿದ್ರೂ ನಂಬಲಿಲ್ಲ. ಕಡೀಕ ಲಗೇಜ್ ಚೀಟಿ ಹರದು, ಅದರ ಮ್ಯಾಲೆ ಪೆನ್ಸಿಲ್ಲಿಂದ ಬರದ: "ಗಾಳಿ, ಒಂದು ಗಂಟು."

೫. ಕೊಡದ ಮ್ಯಾಲಿನ ಹೆಸರು

ಬಾವಿ ಸುತ್ತ ಊರಿಗೂರೇ ಕೂಡಿತ್ತು. ನಾಲ್ಕಾಳು ನೀರು. ಇಳದೆ. ತಳದಾಗ ಹುದಲ ಕೆಸರಿನೊಳಗ ಕೈ ಆಡಿಸಿದ್ರ ಒಂದು ಹಿತ್ತಾಳಿ ಕೊಡ ಸಿಕ್ಕಿತು. ಬರೇ ಕೈಲೇ ಯಾಕ ಹೋಗಬೇಕು, ಬೀಗರ ಮುಂದ ಮಾನ ಹೆಚ್ಚತೈತಿ ಅಂತ ಕೆಸರು ಬಳದು ಅದನ್ನ ಬಿಡಸಾಕ ಹತ್ತಿದೆ.

ಮ್ಯಾಲೆ ಆಗಲೇ ಗದ್ದಲ. ಕಾಕಾ ಎದಿ ಎದಿ ಬಡಕೊಂಡು "ನಮ್ಮ ಅಣ್ಣನ ಮಗಾ ಹೋದನ್ರೋ" ಅಂತ ಅಳಾಕತ್ತಿದ್ನಂತ. ಹುಡುಗಿ ಒಬ್ಬಾಕಿ ಕಟ್ಟಿ ಮ್ಯಾಲೆ ಕುಂತು, "ಸುಮ್ಮನಿರ್ರಿ ಕಾಕಾ, ಗುಳ್ಳಿ ಬರಾಕತ್ತಾವು" ಅಂದಳಂತ.

ಅರ್ಧ ತಾಸಿಗೆ ಸರಿಯಾಗಿ ಎದ್ದೆ. ಚಪ್ಪಾಳಿ ಬಿದ್ವು. ನಾನೂ ಉಬ್ಬಿ ಕೊಡ ಎತ್ತಿ ಹಿಡದೆ. ಕಂಠದ ಮ್ಯಾಲೆ ಹೆಸರು ಕೆತ್ತಿತ್ತು. ಮಂದಿಗೆಲ್ಲಾ ಕೇಳೂ ಹಂಗ ಓದಿದೆ. ಅದು ಹುಡುಗಿ ಅವ್ವನ ಹೆಸರು, ತವರೂರು ನಂದಗಡ.

ಚಪ್ಪಾಳಿ ನಿಂತ್ವು. ನನಗೇನು ಗೊತ್ತು? ಆ ಕೊಡ ಬಾಜು ಮನಿಯಾಕಿ ಕದ್ದಾಳಂತ ಹುಡುಗಿ ಅವ್ವ ದೂರಿದ್ದಳು, ಎಂಟು ವರ್ಷದಿಂದ ಎರಡೂ ಮನಿಗೆ ಮಾತಿರಲಿಲ್ಲ.

ಬಾಜು ಮನಿಯಾಕಿ ಸೆರಗು ಸೊಂಟಕ್ಕ ಸಿಗಿಸಿ ಮುಂದ ಬಂದಳು. "ತಮ್ಮಾ, ಇನ್ನೊಮ್ಮಿ ಓದು. ಸಾವಕಾಶ ಓದು."

ಹುಡುಗಿ ಅವ್ವ ನನ್ನ ನೋಡಿದ ನೋಟಕ್ಕ ನನ್ನ ಜೀವ ಅರ್ಧ ಆತು. ಮದವಿ ಮುರೀತಪ್ಪಾ ಅಂದಕೊಂಡೆ. ಸಿಲಿಂಡರಿನ್ಯಾಗ ಇನ್ನೊಂದಿಷ್ಟು ಗಾಳಿ ಇತ್ತು, ಮತ್ತ ಮುಳುಗಲೇನು ಅಂತ ವಿಚಾರ ಬಂತು.

ಅಷ್ಟರಾಗ ಬಾಜು ಮನಿಯಾಕೀನ ಗುಡುಗಿದಳು, "ಎಂಟು ವರ್ಷದ ನನ್ನ ಕಳಂಕಾ ಕಳದಾನ! ಇವಗ ಹುಡುಗಿ ಕೊಡಲಿಲ್ಲಂದ್ರ ದಿನಾ ನಿಮ್ಮ ಬಾಗಲಾಗ ನಿಂತು ಈ ಹೆಸರು ನಾ ಓದತೀನಿ!"

ಹುಡುಗಿ ಅವ್ವ ಉಸಿರೆಳಕೊಂಡು, "ಮದವಿ ದಿನಾ ಗೊತ್ತು ಮಾಡ್ರಿ" ಅಂದಳು.

ಮದವ್ಯಾಗ ಬಾಜು ಮನಿಯಾಕಿ ಹೊಸಾ ಹಿತ್ತಾಳಿ ಕೊಡ ಉಡುಗೊರಿ ಕೊಟ್ಟಳು. ಕಂಠದ ಮ್ಯಾಲೆ ತನ್ನ ಹೆಸರು ಕೆತ್ತಿಸಿದ್ದಳು. ಅದರ ಕೆಳಗ ಇನ್ನೊಂದು ಸಾಲು: "ಇದು ಕದ್ದದ್ದಲ್ಲ."