ಪ್ಯಾರಿಸ್ಸಿನ ಕಾಫಿ: ನಿಂತರೆ ಒಂದು ಬೆಲೆ, ಕೂತರೆ ಒಂದು

ಗೊತ್ತಿಲ್ಲದ ವಿಷಯದಲ್ಲಿ ಪಂಡಿತರಾಗುವುದು ಕಷ್ಟವಲ್ಲ. ಸುಮ್ಮನಿದ್ದರೆ ಸಾಕು, ಉಳಿದದ್ದನ್ನು ಜನರೇ ನೋಡಿಕೊಳ್ಳುತ್ತಾರೆ. ನಾನು ಮೊದಲಿನಿಂದಲೂ ಕಡಿಮೆ ಮಾತಿನವಳು. ಈ ಒಂದೇ ಅರ್ಹತೆಯ ಮೇಲೆ, ಡೆಟ್ರಾಯಿಟ್ ಸುತ್ತಮುತ್ತಲಿನ ಕನ್ನಡಿಗರು ಪ್ಯಾರಿಸ್ ನಗರದ ಊಟ, ತಿಂಡಿ, ರೈಲು, ಬಸ್ಸಿನ ಖರ್ಚಿನ ವಿಷಯದಲ್ಲಿ ಕಡೆಯ ಮಾತು ನನ್ನದೆಂದು ತೀರ್ಮಾನಿಸಿದ್ದಾರೆ. ಆ ಊರಿನಲ್ಲಿ ನಾನು ಇದ್ದದ್ದು ಮೂರು ದಿನ. ಮೂರು ದಿನವೂ ತಿಂದದ್ದು ಅಮ್ಮ ಕಟ್ಟಿಕೊಟ್ಟಿದ್ದ ಗೊಜ್ಜವಲಕ್ಕಿ.

ಊರಿಗೆ ಹೋಗಿಬರುವ ವಿಮಾನದ ಟಿಕೆಟ್ಟಿನಲ್ಲಿ ದಾರಿಯಲ್ಲೊಂದು ಕಡೆ ಇಳಿಯಲು ಹೆಚ್ಚಿಗೆ ದುಡ್ಡು ಕೊಡಬೇಕಾಗಿಲ್ಲ. ಕೊಡಬೇಕಾಗಿಲ್ಲವೆಂದು ಗೊತ್ತಾದ ಮೇಲೂ ಇಳಿಯದೆ ಬರುವ ಕನ್ನಡಿಗ ಇನ್ನೂ ಹುಟ್ಟಿಲ್ಲ. ಬೆಂಗಳೂರಿನಿಂದ ವಾಪಸು ಬರುವಾಗ ನಾನೂ ಇಳಿದೆ. ಶಿಕಾಗೋದಲ್ಲಿ ಓದುತ್ತಿದ್ದಾಗ ಡಿಗ್ರಿಗಾಗಿ ಇನ್ನೊಂದು ಭಾಷೆ ಕಲಿಯಬೇಕೆಂಬ ನಿಯಮವಿತ್ತು, ಫ್ರೆಂಚ್ ಕಲಿತಿದ್ದೆ. ಓದಲು ಬಂದರೆ ಸಾಕು, ಮಾತಾಡಬೇಕಾಗಿಲ್ಲ ಎಂದಿದ್ದರು. ನನ್ನಂಥವಳಿಗೆಂದೇ ಹೇಳಿ ಮಾಡಿಸಿದ ನಿಯಮ. ಅದರ ಫಲ ಪ್ಯಾರಿಸ್ಸಿನಲ್ಲಿ ಸಿಕ್ಕಿತು. ಅಲ್ಲಿ ಹೋಟೆಲುಗಳು ಬಾಗಿಲ ಪಕ್ಕದಲ್ಲೇ ಎಲ್ಲದರ ಬೆಲೆಯನ್ನೂ ಬರೆದು ಹಾಕಿರುತ್ತವೆ. ನಾನು ಪ್ರತಿಯೊಂದು ಹಲಗೆಯನ್ನೂ ಮೊದಲಿನಿಂದ ಕೊನೆಯವರೆಗೆ ಓದಿದೆ. ಒಳಗೆ ಹೋಗಿ ಕೇಳಲು ಮಾತ್ರ ಬಾಯಿ ಬರಲಿಲ್ಲ. ಹೊರಗಿನ ಕುರ್ಚಿಗಳನ್ನು ಅವರು ಎದುರುಬದುರು ಹಾಕುವುದೂ ಇಲ್ಲ. ನಾಟಕ ನೋಡಲು ಹಾಕಿದ ಹಾಗೆ ಎಲ್ಲವನ್ನೂ ಬೀದಿಗೆ ಮುಖ ಮಾಡಿಸಿ ಸಾಲಾಗಿ ಇಟ್ಟಿರುತ್ತಾರೆ. ಸೀರೆಯ ಮೇಲೊಂದು ದಪ್ಪ ಕೋಟು, ಕೆಳಗೆ ಉಣ್ಣೆಯ ಕಾಲುಚೀಲ ತೊಟ್ಟು ನಡೆಯುತ್ತಿದ್ದ ನಾನೇ ಆ ಹೊತ್ತಿನ ನಾಟಕ. ಮೂರನೆಯ ದಿನ ಒಂದೇ ಕಾಫಿ ಅಂಗಡಿಯ ಮುಂದೆ ಎಷ್ಟು ಸಲ ಅತ್ತಿಂದಿತ್ತ ಓಡಾಡಿದೆನೆಂದರೆ, ಪರಿಚಾರಕ ನನ್ನನ್ನು ನೋಡಿ ತಲೆಬಾಗಿ ನಮಸ್ಕರಿಸಿದ. ನಾನೂ ತಲೆಬಾಗಿ ನಮಸ್ಕರಿಸಿ ಸೀದಾ ವಿಮಾನ ನಿಲ್ದಾಣಕ್ಕೆ ಹೋದೆ.

ಡೆಟ್ರಾಯಿಟ್ಟಿಗೆ ಬಂದ ವಾರವೇ, ಪಕ್ಕದ ಲಿವೋನಿಯಾದಲ್ಲಿರುವ ಶ್ರೀಕಂಠ ಅವರ ಮನೆಯಲ್ಲಿ ಊಟವಿತ್ತು. ಅವರು ಎಂಜಿನಿಯರ್. ಯಾವ ಸಾಮಾನು ಕಂಡರೂ ಡಾಲರನ್ನು ರೂಪಾಯಿಗೆ ತಿರುಗಿಸಿ, ಸಂಕಟಪಟ್ಟು, ಕೊಳ್ಳದೆ ಮನೆಗೆ ಬರುವ ಸಂತೃಪ್ತ ಮನುಷ್ಯ.

"ಪ್ಯಾರಿಸ್ ಭಾರೀ ಕಾಸ್ಟ್ಲಿ ಅಂತಾರಲ್ಲ ನಳಿನಿ, ನಿಜಾನಾ?" ಎಂದು ಕೇಳಿದರು.

"ಕಾಫಿ ನಿಂತು ಕುಡಿದರೆ ಒಂದೂವರೆ ಫ್ರಾಂಕ್, ಕೂತರೆ ಮೂರು," ಎಂದೆ. "ಸುರಂಗದ ರೈಲಿಗೆ ಬಿಡಿ ಟಿಕೆಟ್ ತಗೋಬಾರದು, ಹತ್ತರ ಕಟ್ಟು ತಗೋಬೇಕು. ತಪ್ಪಿ ಫಸ್ಟ್ ಕ್ಲಾಸ್ ಹತ್ತಿದರೆ ದಂಡ. ನೀರು ಸೀಸೆಯದಾದರೆ ದುಡ್ಡು, ನಲ್ಲಿಯದಾದರೆ ಇಲ್ಲ."

ಶ್ರೀಕಂಠ ಅನ್ನ ಕಲಸುವುದನ್ನು ಬಿಟ್ಟು ಎಡಗೈ ಬೆರಳ ಮೇಲೆ ಲೆಕ್ಕ ಹಾಕಿದರು. "ಮೂರು ಫ್ರಾಂಕ್ ಅಂದ್ರೆ ಐದು ರೂಪಾಯಿ ಮೇಲಾಯ್ತು," ಎಂದರು. "ಕುರ್ಚಿಗೂ ಬಾಡಿಗೆ ಅನ್ನಿ."

ನೀವು ಕುಡಿದಿರಾ ಎಂದು ಯಾರೂ ಕೇಳಲಿಲ್ಲ. ಬೆಲೆ ಗೊತ್ತಿದ್ದವರಿಗೆ ರುಚಿಯೂ ಗೊತ್ತಿರುತ್ತದೆಂಬುದು ನಮ್ಮವರ ನಂಬಿಕೆ. ಶ್ರೀಕಂಠ ನನ್ನ ಮಾತನ್ನೆಲ್ಲ ಬರೆದುಕೊಂಡು, ಆಫೀಸಿನ ಯಂತ್ರದಲ್ಲಿ ಪ್ರತಿ ತೆಗೆದು ಪರಿಚಿತರಿಗೆಲ್ಲ ಹಂಚಿದರು. ಒಂದು ಪ್ರತಿ ಶಿಕಾಗೋವರೆಗೂ ಹೋಯಿತು. ಅಲ್ಲಿರುವ ಧಾರವಾಡದ ಕುಲಕರ್ಣಿ ಎಂಬವರು ಫೋನ್ ಮಾಡಿ, "ಅಲ್ರೀ, ಅಲ್ಲೆ ಬ್ರೆಡ್ಡಿಗೆ ಎಷ್ಟ್ ತಗೋತಾರ್ರೀ? ಉದ್ದಂದು, ಬಡಿಗಿ ಹಂಗ ಇರ್ತದಲ್ಲ, ಅದಕ್ಕ?" ಎಂದು ಕೇಳಿ, ಅರ್ಧ ಗಂಟೆ ಚರ್ಚಿಸಿದರು. ಆ ಫೋನಿನ ದುಡ್ಡಿಗೆ ಅವರ ಸಂಸಾರವೆಲ್ಲ ಒಂದು ವಾರ ಬಡಿಗೆ ತಿನ್ನಬಹುದಿತ್ತು. ಆ ಲೆಕ್ಕವನ್ನು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಹೀಗೆ ಸುಖವಾಗಿದ್ದಾಗ ಶ್ರೀಕಂಠ ಅವರ ತಾಯಿ ಕಾವೇರಮ್ಮನವರು ಮೈಸೂರಿಗೆ ಹೊರಡುವ ದಿನ ಹತ್ತಿರ ಬಂತು. ಆರು ತಿಂಗಳು ಮಗನ ಮನೆಯಲ್ಲಿದ್ದು, ಈಗ ಮಗನ ಜೊತೆಯಲ್ಲೇ ಪ್ಯಾರಿಸ್ಸಿನಲ್ಲಿ ಎರಡು ದಿನ ಇಳಿದು ಹೋಗುವವರಿದ್ದರು. ತಜ್ಞಳೆಂದು ನನ್ನನ್ನು ಕರೆಸಿದ್ದರು. ಮೇಜಿನ ಮೇಲೆ ನನ್ನದೇ ಪಟ್ಟಿ ಇತ್ತು. ಕೂತು ಕುಡಿಯುವ ಕಾಫಿಯ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಲಾಗಿತ್ತು.

"ನಿಂತೇ ಕುಡಿಯೋಣಮ್ಮ," ಎನ್ನುತ್ತಿದ್ದರು ಶ್ರೀಕಂಠ.

"ಆರು ತಿಂಗಳಿಂದ ಈ ಕಿಟಕಿ ಹತ್ರ ಕೂತಿದೀನಿ ಕಣೋ," ಎಂದರು ಕಾವೇರಮ್ಮ. "ಕಾರು ಹೋಗುತ್ತೆ, ಕಾರು ಬರುತ್ತೆ. ಒಂದು ನರಪಿಳ್ಳೆ ನಡ್ಕೊಂಡು ಹೋಗಿದ್ದು ಕಾಣೆ. ಅಲ್ಲಿ ಜನ ಓಡಾಡ್ತಾರಂತಲ್ಲ. ಒಂದು ಗಳಿಗೆ ಬೀದೀಲಿ ಕೂತು ಮನುಷ್ಯರ ಮುಖ ನೋಡ್ತೀನಿ. ಇನ್ನೇನೂ ಕೇಳಲ್ಲ."

"ನಿಂತು ನೋಡಿದ್ರೂ ಅವರೇ ಅಲ್ವಾ ಕಾಣೋದು?"

"ಮಂಡಿ ನಿಂದೋ ನಂದೋ?"

ಶ್ರೀಕಂಠ ನನ್ನ ಕಡೆ ತಿರುಗಿದರು. "ನಳಿನಿ, ನೀವೇ ಹೇಳಿ. ಎರಡರಷ್ಟು ಕೊಟ್ಟು ಕುಡಿಯೋ ಅಂಥಾ ಕಾಫಿನಾ ಅದು? ನೀವು ಹೂಂ ಅಂದ್ರೆ ಕೂತ್ಕೊಳ್ಳಲಿ."

ಇಷ್ಟು ದಿನದಲ್ಲಿ ರುಚಿಯ ಬಗ್ಗೆ ಬಂದ ಮೊದಲ ಪ್ರಶ್ನೆ ಅದು. ಗೊತ್ತಿಲ್ಲ ಎಂದರೆ ನನ್ನ ಪಾಂಡಿತ್ಯ ಅಲ್ಲಿಗೇ ಮುಗಿಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಆ ಮುದುಕಿ ಎರಡು ದಿನ ನಿಂತಿರಬೇಕಾಗುತ್ತಿತ್ತು. ಹೀಗೆ ಪರೋಪಕಾರದ ಸೆರಗು ಹೊದೆಸಿ ನಾನು ಸುಳ್ಳು ಹೇಳಿದೆ.

"ಆ ಕಾಫೀನ ಕೂತೇ ಕುಡಿಯಬೇಕು," ಎಂದೆ. "ವಯಸ್ಸಾದವರು ನಿಂತು ಕುಡಿದರೆ, ಪಕ್ಕದಲ್ಲಿರೋ ಮಗನ್ನ ಅಲ್ಲಿಯವರು ಬೇರೆ ಥರ ನೋಡ್ತಾರೆ."

ಶ್ರೀಕಂಠ ಕೆಂಪು ಗೀಟಿನ ಮೇಲೆ ಒಂದು ಸರಿ ಗುರುತು ಹಾಕಿದರು. ಕಾವೇರಮ್ಮ ಮಾತ್ರ ಸುಮ್ಮನಾಗಲಿಲ್ಲ. "ಚಿಕೋರಿ ಹಾಕ್ತಾರೇನಮ್ಮ?"

"ಸ್ವಲ್ಪ."

"ನೀನು ಎಲ್ಲಿ ಕೂತಿದ್ದೆ?"

"ಮೂಲೇಲಿ," ಎಂದೆ. ಅವರು ನನ್ನನ್ನು ಒಂದು ಕ್ಷಣ ನೋಡಿ, ಹೂಂಗುಟ್ಟಿ, ಹುರುಳಿಕಾಯಿಯ ನಾರು ತೆಗೆಯತೊಡಗಿದರು.

ಒಂದು ತಿಂಗಳಾದ ಮೇಲೆ ಮೈಸೂರಿನಿಂದ ನೀಲಿ ಏರ್ ಲೆಟರ್ ಬಂತು. "ಚಿ. ನಳಿನಿಗೆ ಆಶೀರ್ವಾದಗಳು. ಕಾಫಿ ಕುಡಿದೆ. ಔಷಧಿಯಷ್ಟು ಕೊಟ್ಟರು, ಕಷಾಯದಷ್ಟು ಕಹಿ. ಚಿಕೋರಿ ಇರಲಿಲ್ಲ. ಎರಡು ಅಚ್ಚು ಸಕ್ಕರೆಯನ್ನು ಕಾಗದದಲ್ಲಿ ಸುತ್ತಿ ಕೊಟ್ಟಿದ್ದರು. ಒಂದೂವರೆ ಗಂಟೆ ಕೂತಿದ್ದೆ, ಯಾರೂ ಏಳು ಅನ್ನಲಿಲ್ಲ. ಕಣ್ಣು ತುಂಬ ಜನರನ್ನು ನೋಡಿದೆ. ಶ್ರೀಕಂಠ ಒಳಗೆ ಹೋಗಿ ನಿಂತು ಕುಡಿದು ಬಂದ. ನೀನು ಮುಂದಿನ ಸಲ ಹೋದಾಗ ಧೈರ್ಯವಾಗಿ ಹೋಗಿ ಕೂತುಕೋ. ಅವರು ಏನೂ ಮಾಡುವುದಿಲ್ಲ."

ಎರಡು ಸಲ ಓದಿದೆ. ನಾಚಿಕೆಯಾಯಿತು. ಇನ್ನು ಮೇಲೆ ಯಾರು ಕೇಳಿದರೂ ನಿಜ ಹೇಳಿಬಿಡಬೇಕೆಂದು ನಿಶ್ಚಯಿಸಿದೆ. ಆ ಭಾನುವಾರವೇ ಹತ್ತಿರದ ಸೌತ್‌ಫೀಲ್ಡಿನಿಂದ ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳ ಫೋನ್ ಬಂತು. ಗಂಡನ ಜೊತೆ ಪ್ಯಾರಿಸ್ ನೋಡಿಕೊಂಡು ಊರಿಗೆ ಹೋಗುತ್ತಾಳಂತೆ. "ಬೆಲೆ ಎಲ್ಲಾ ಪಟ್ಟೀಲಿದೆ ಆಂಟಿ. ಕಾಫಿ ಹೇಗಿರುತ್ತೆ ಅಂತ ಬರೆದಿಲ್ಲವಲ್ಲ?" ಎಂದಳು. ನನಗಿಂತ ನಾಲ್ಕೇ ವರ್ಷ ಚಿಕ್ಕವಳು, ಆಂಟಿ ಅಂದಳು.

"ಸ್ವಲ್ಪ ಕಹಿ," ಎಂದೆ. "ಎರಡು ಅಚ್ಚು ಸಕ್ಕರೆ ಕೊಡ್ತಾರೆ, ಎರಡೂ ಹಾಕ್ಕೊಳ್ಳಿ. ನಾನು ಹಾಗೇ ಕುಡಿಯೋದು."